ವಿಷ ತೆಗೆದ ಬಾವಿ, ಯಾರೂ ಮುಟ್ಟದ ತಂಬಿಗೆ

ಮಾನ್ಯ ಶುದ್ಧೀಕರಣಾಧಿಕಾರಿಗಳೇ,

ಝಳಕಿಯ ನಮ್ಮ ಬಾವಿಯ ಪಕ್ಕದಲ್ಲಿ ತಾವು ನೆಡಿಸಿದ ಫಲಕವನ್ನು ದಯವಿಟ್ಟು ಕೀಳಿಸಿರಿ. ಅದು ಅಲ್ಲಿರುವವರೆಗೆ ನನ್ನ ಮನೆಯನ್ನು ಯಾರೂ ಕೊಳ್ಳುವುದಿಲ್ಲ.

‘ಈ ಬಾವಿಯ ವಿಷವನ್ನು ಪೂರ್ಣವಾಗಿ ತೆಗೆಯಲಾಗಿದೆ’ ಎಂದು ಅದರ ಮೇಲೆ ಕೆಂಪಕ್ಷರದಲ್ಲಿ ಬರೆಸಿದ್ದೀರಿ. ಎಂಥ ಉಪಕಾರ! ೧೯೭೪ರ ಮಳೆಗಾಲದಲ್ಲಿ ಪಕ್ಕದ ಗೋದಾಮಿನ ಪೀಪಾಯಿ ಸೋರಿ, ಬೆಳೆಯ ಹುಳಕ್ಕೆ ಹೊಡೆಯುವ ವಿಷದೆಣ್ಣೆ ಬಾವಿಗಿಳಿದದ್ದು ನಮ್ಮ ಓಣಿಗಷ್ಟೇ ಗೊತ್ತಿತ್ತು. ತಾವು ನೀರೆಲ್ಲ ಎತ್ತಿ ಚೆಲ್ಲಿಸಿ, ಹೂಳೆತ್ತಿಸಿ, ಪರೀಕ್ಷೆ ಮಾಡಿಸಿದಿರಿ, ಅಲ್ಲಗಳೆಯುವುದಿಲ್ಲ. ಎರಡು ವರ್ಷದಿಂದ ಅದೇ ನೀರು ಕುಡಿದು ಬದುಕಿಯೂ ಇದ್ದೇವೆ. ಆದರೆ ಈಗ ಸೊಲ್ಲಾಪುರದ ಲಾರಿಯವರಿಗೂ ನಮ್ಮದು ‘ಎಣ್ಣಿ ಬಾವಿ ಓಣಿ’. ರೋಗ ವಾಸಿಯಾದವನ ಹಣೆಯ ಮೇಲೆ ಯಾರಾದರೂ ರೋಗದ ಹೆಸರು ಬರೆಯುತ್ತಾರೆಯೇ?

ನಾನು ಸಾಲಿ ಮಾಸ್ತರ. ಸಿಂದಗಿಗೆ ವರ್ಗವಾಗಿದೆ. ಈ ಮನೆ ಮಾರದೆ ಅಲ್ಲಿ ಸೂರಿಲ್ಲ. ಹೆಂಡತಿ ಹೊನ್ನವ್ವ, ಮಕ್ಕಳು ಇಲ್ಲಿ. ನನಗೆ ಅಲ್ಲಿ ಖಾನಾವಳಿಯ ರೊಟ್ಟಿ. ಶನಿವಾರ ಬಸ್ಸಿಳಿದು ಬಂದರೆ ಚಿಕ್ಕ ಮಗಳು “ಬರ್ರಿ, ಕುಂದರ್ರಿ” ಎಂದು ಪರವೂರಿನವರನ್ನು ಉಪಚರಿಸಿದಂತೆ ಉಪಚರಿಸುತ್ತಾಳೆ.

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ, ತಂಬಿಗೆ ನೀರು, ಮಾತು ಆಮೇಲೆ. ಮನೆ ನೋಡಲು ಬಂದವರೆಲ್ಲ ಬೆಲ್ಲ ತಿನ್ನುತ್ತಾರೆ, ನೀರು ಮುಟ್ಟುವುದಿಲ್ಲ. ಹೆದ್ದಾರಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿರುವ ಬಂದಗಿಸಾಬರು ತೊಲೆ, ಜಂತಿ, ಪಡಸಾಲೆ ಎಲ್ಲವನ್ನೂ ಮೆಚ್ಚಿದರು. ತಂಬಿಗೆ ಮುಂದಿಟ್ಟ ಕೂಡಲೇ ಎದ್ದರು.

“ಮಾಸ್ತರ್ರ, ಮನಿ ಛಲೋ ಐತ್ರಿ. ಆದ್ರ ನಮ್ಮ ಮನಿಯಾಕಿ ಪೀರಬಿ ಆ ಬೋರ್ಡ್ ಓದಿಸಿಕೊಂಡಾಳ್ರಿ. ಈ ಮನಿ ಒಲ್ಲೆ ಅಂತಾಳ.”

“ವಿಷ ತಗದಾರಂತ ಬರದೈತಲ್ರಿ?” ಎಂದಳು ಹೊನ್ನವ್ವ.

“ತಗದಾರಂದ್ರ ಇತ್ತು ಅಂತಾತಲ್ರಿ, ಅಕ್ಕಾರ.”

ಇದಕ್ಕೆ ತಮ್ಮಲ್ಲಿ ಉತ್ತರವಿದೆಯೇ?

ಅವರನ್ನು ದೂರಿ ಏನು ಫಲ? ಫಲಕ ನೆಟ್ಟ ದಿನ ತಾವೂ ನಮ್ಮ ಕಟ್ಟೆಯ ಮೇಲೆ ಕುಳಿತಿದ್ದಿರಿ. ಹೊನ್ನವ್ವ ಅದೇ ಬಾವಿಯ ನೀರು ತಂದಿಟ್ಟಳು. “ಈಗರ ಚಹಾ ಕುಡದ ಬಂದೇನ್ರಿ, ತಂಗಿ” ಎಂದು ಬೆಲ್ಲವನ್ನಷ್ಟೇ ಬಾಯಿಗೆ ಹಾಕಿಕೊಂಡಿರಿ. ಇಡೀ ಓಣಿ ನೋಡಿತು. ಫಲಕ ಓದಲು ಬಾರದವರಿಗೂ ಅದು ತಿಳಿಯಿತು.

ಸ್ವಾಮಿ, ನನಗೆ ಸಾಕಾಗಿದೆ. ಬರುವ ಸಂತೆಯ ದಿನ ಬನ್ನಿರಿ. ಫಲಕ ಕೀಳಿಸಿ, ನೆರೆದವರ ಎದುರು ಆ ಬಾವಿಯ ಒಂದು ತಂಬಿಗೆ ನೀರು ಕುಡಿಯಿರಿ. ಬೆಲ್ಲ ನಾನು ಕೊಡುತ್ತೇನೆ. ಕುಡಿಯಲಾರಿರಾದರೆ ಅದನ್ನಾದರೂ ಹೇಳಿಬಿಡಿರಿ. ಮನೆ ಮಾರುವ ಮಾತು ಹಾಗಿರಲಿ, ಮೊದಲು ನನ್ನ ಮಕ್ಕಳ ಕೈಯೊಳಗಿನ ತಂಬಿಗೆ ಕಸಿದುಕೊಳ್ಳಬೇಕಾಗುತ್ತದೆ.

ಇಂತಿ,
ಸ್ವಂತ ಮನೆಗೇ ಶನಿವಾರದ ನೆಂಟನಾದ
ಪರಪ್ಪ ಮಾಸ್ತರ
ಎಣ್ಣಿ ಬಾವಿ ಓಣಿ, ಝಳಕಿ