ಇಳಾಳ ಗೆರೆ ನಿಂತಾಗ

ಬಾಗಲಕೋಟೆ ಹಿನ್ನೀರು
ಶೀಗಿ ಹುಣ್ಣಿಮೆ, ೨೨೧೪

ಎರಡು ಶತಮಾನದ ಹಿಂದಿನ ತಾಯಿ ತಂದೆಯರಿಗೆ ಶರಣು.

ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ನಾವಿರುವುದು ತೇಲೋಣಿಯಲ್ಲಿ, ಅಂದರೆ ಮನೆಗೆ ಮನೆ ಬಿಗಿದು ನೀರಿನ ಮೇಲೆ ತೇಲಿಬಿಟ್ಟ ಓಣಿಯಲ್ಲಿ. ಬಿಸಿಲೇರಿದ ಮೇಲೆ ಎಲ್ಲರೂ ತಣಿಮನೆ ಸೇರುತ್ತೇವೆ. ಅದು ಓಣಿಗೆಲ್ಲ ಒಂದೇ ತಂಪು ಪಡಸಾಲೆ. ರೊಟ್ಟಿ ಬಡಿಯುವುದು, ಕೂಸು ತೂಗುವುದು ಎಲ್ಲ ಅಲ್ಲಿಯೇ. ತೊಟ್ಟಿಲೇ ತೂಕ ಹೇಳುತ್ತದೆ, ತಿಂಗಳು ತಿಂಗಳೂ ಗೋಡೆಯ ಮೇಲೆ ಆ ಕೂಸಿನ ಗೆರೆ ಮೂಡುತ್ತದೆ. ಅದರ ಹಿಂದೆ, ಯಾವ ವಯಸ್ಸಿಗೆ ಎಷ್ಟು ತೂಕವೆಂದು ತೋರಿಸುತ್ತ ಕೆಳಗಿನಿಂದ ಮೇಲಕ್ಕೆ ಬಾಗಿ ಏರುವ ಸಾಲುಗೆರೆಗಳು ಮಾತ್ರ ನಿಮ್ಮ ಕಾಲದವೇ.

ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ, ಮುಕ್ತಾಯಿಯ ಮಗಳು ಇಳಾ ಹುಟ್ಟಿದ್ದೇ ಸಣ್ಣ ಕೂಸಾಗಿ. ಅವಳ ಗೆರೆ ಎಲ್ಲಕ್ಕಿಂತ ಕೆಳಗಿತ್ತು. ಅದು ಓಣಿಗೆಲ್ಲ ಕಾಣುತ್ತಿದ್ದರಿಂದ ನಮ್ಮವ್ವನಿಗೆ ಸಂಕಟ.

"ಬಾಜೂಮನಿ ಕೂಸು ನೋಡ, ಹೆಂಗ ಗುಂಡಗುಂಡ ಐತಿ. ನಿನ್ನ ಹಾಲ ಸಾಲವಲ್ದೇನ ಮುಕ್ತಾ?"

"ಕೆಳಗಿದ್ರೂ ತನ್ನ ದಾರಿ ಹಿಡದ ಏರಾಕತ್ತಾಳ ಅತ್ತಿ. ಆ ಕೂಸಿನ ದಾರಿ ಬ್ಯಾರೆ, ಇಕಿದ ಬ್ಯಾರೆ," ಎಂದು ವೈನಿ ಹಾಲೂಡಿಸುತ್ತ ಕೂತಳು. ಆ ನೆಮ್ಮದಿ ಕಂಡು ನನಗೆ ಬೆರಗಾಗಿತ್ತು.

ಎಂಟು ತಿಂಗಳಾದ ಮೇಲೆ ಇಳಾಳ ಗೆರೆ ಏರಲಿಲ್ಲ. ಮುಂದಿನ ತಿಂಗಳೂ ಅಲ್ಲೇ ಮಲಗಿತು. ಕೂಸು ನಗುತ್ತಿತ್ತು, ಜ್ವರವಿಲ್ಲ, ಕೆಮ್ಮಿಲ್ಲ. ಈಗ ಅವ್ವನೇ ಸಮಾಧಾನ ಹೇಳಿದಳು: "ಅಂಬೆಗಾಲಿಡಾಕತ್ತೈತಲ್ಲ, ಅದಕ್ಕ ಮೈ ಹಿಡಿಯವಲ್ದು."

"ಅಂಬೆಗಾಲಿಡೂ ಕೂಸುಗೋಳು ನಿಧಾನ ಏರತಾವ, ಖರೆ. ಹಿಂಗ ನಿಂತಬಿಡೂದಿಲ್ಲ. ತುತ್ತೂ ಕಡಿಮಿ ಮಾಡ್ಯಾಳ," ಎಂದವಳೇ ವೈನಿ ಆ ಉರಿಬಿಸಿಲಿನಲ್ಲಿ ದವಾಖಾನೆಗೆ ಹೊರಡಲು ದೋಣಿ ಬಿಚ್ಚಿದಳು. ನಾನೂ ಹತ್ತಿದೆ. ದಾರಿಯುದ್ದಕ್ಕೂ ಅವಳು ಕೂಸನ್ನು ಅವುಚಿಕೊಂಡು ಮತ್ತೆ ಮತ್ತೆ ಅದರ ಹಣೆ ಮುಟ್ಟಿ ನೋಡುತ್ತಿದ್ದಳು. ಧೈರ್ಯವಿರುವವರಿಗೂ ಭಯವಾಗುತ್ತದೆ ಎಂದು ಅಂದು ಕಂಡೆ.

ಡಾಕ್ಟರ್ ದಸ್ತಗೀರ ಸಾಹೇಬರು ಕೂಸಿನ ಊಟ, ನಿದ್ದೆ, ಹೊಟ್ಟೆ ಎಲ್ಲ ಕೇಳಿದರು. ಮೂತ್ರ ಪರೀಕ್ಷಿಸಿದಾಗ ಸೋಂಕು ಸಿಕ್ಕಿತು. "ಇದು ಒಮ್ಮೊಮ್ಮೆ ಜ್ವರಾ ಇಲ್ಲದನ ಒಳಗ ಕುಂತಿರತೈತಿ ತಂಗಿ. ತಡಾ ಮಾಡಿದ್ರ ಮೂತ್ರಪಿಂಡಕ್ಕ ಪೆಟ್ಟ ಬೀಳತಿತ್ತು. ಚಲೋ ಮಾಡಿದಿ," ಎಂದರು. ವೈನಿ ಆಗ ಅತ್ತಳು. ಔಷಧಿ ಮುಗಿದ ಕೆಲವೇ ವಾರಗಳಲ್ಲಿ ಇಳಾ ತುತ್ತಿಗೆ ಬಾಯಿ ತೆರೆದಳು. ಗೆರೆ ತನ್ನ ಹಳೆಯ ದಾರಿಗೆ ಏರಿತು. ಈಗಲೂ ಅವಳು ಓಣಿಯಲ್ಲೇ ಸಣ್ಣವಳು, ಎಲ್ಲರಿಗಿಂತ ಮೊದಲು ನೀರಿಗೆ ಜಿಗಿಯುವವಳು.

ಆ ಗೆರೆಗಳನ್ನು ಎಳೆದು ನಮಗೆ ಉಳಿಸಿಕೊಟ್ಟ ನಿಮಗೆ ನಮಸ್ಕಾರ. ಒಂದೇ ಬೇಡಿಕೆ: ನಿಮ್ಮ ಕೂಸು ಸಣ್ಣದೆಂದು ಯಾರಾದರೂ ಅಂದರೆ ನಕ್ಕುಬಿಡಿ. ಅದು ಏರುವುದನ್ನು ನಿಲ್ಲಿಸಿದರೆ, ಇಲ್ಲವೇ ತನ್ನ ದಾರಿ ಬಿಟ್ಟು ಕೆಳಗಿಳಿದರೆ, ಯಾರು ಎಷ್ಟು ಸಮಾಧಾನ ಹೇಳಿದರೂ ಕೂರಬೇಡಿ, ಎದ್ದು ಹೊರಡಿ.

ನಿಮ್ಮ ಮುಂದಿನವಳು,
ನೀಲಾಂಬಿಕೆ ಹೂಗಾರ