ತಿದ್ದಿದ ಪ್ರತಿ

೯ ಫೆಬ್ರವರಿ, ಸೋಮವಾರ

ಮಗಳೆ,

ಅಪ್ಪ ಹೋದ ಮೇಲೆ ಅವರು ಬರೆದಿಟ್ಟಿದ್ದ ಅರವತ್ತು ಪುಟಗಳನ್ನು ಅಮ್ಮ ಕೂತು ಅಳಿಸಿಹಾಕಿದಳು ಎಂದು ನಿನ್ನ ಅತ್ತೆಗೆ ಬರೆದಿದ್ದೀಯೆ. ಅರವತ್ತಲ್ಲ, ಮೂವತ್ತೆಂಟು. ಅಳಿಸಿದ್ದಲ್ಲ, ತಿದ್ದಿದ್ದು. ನಿನ್ನ ಅತ್ತೆ ಆ ಕಾಗದವನ್ನು ನನ್ನ ಅಡುಗೆಮನೆಯಲ್ಲೇ ನಿಂತು ಗಟ್ಟಿಯಾಗಿ ಓದಿದರು, ನಡುನಡುವೆ ಕನ್ನಡಕ ಇಳಿಸಿ ನನ್ನ ಮುಖ ನೋಡಿದರು. ಅಣ್ಣನಿದ್ದಾಗ ಆಡಲಾರದ ಮಾತನ್ನು ನಿನ್ನ ಬಾಯಿಂದ ಆಡಿಸಿದ ಸುಖ ಅವರಿಗಿತ್ತು.

ಉತ್ತರ ತಡವಾಯಿತು, ಕ್ಷಮಿಸು. ಸಿಟ್ಟಿನಲ್ಲಿ ಬರೆದ ವಾಕ್ಯ ನೆಟ್ಟಗೆ ನಿಲ್ಲುವುದಿಲ್ಲ ಎಂದು ಮೂರು ವಾರ ಕಾದೆ. ನೀನೂ ಕಾಯಬಹುದಿತ್ತು.

ಪಾರ್ಶ್ವವಾಯು ಬಡಿದು ನಿಮ್ಮಪ್ಪನ ಮಾತು ನಿಂತಾಗ, ಎಡಗೈ ಉಳಿದಿದೆಯಲ್ಲ, ಟೈಪು ಮಾಡಿಸಿ ಎಂದರು ಡಾಕ್ಟರು. ನೀನು ಕಳಿಸಿದ ಲ್ಯಾಪ್‌ಟಾಪಿನಲ್ಲಿ ನೀನೇ ಹಾಕಿಸಿದ್ದ ಸಾಫ್ಟ್‌ವೇರ್ ಇತ್ತು. ಪರದೆಯ ನೆತ್ತಿಯ ಮೇಲೆ ನೂರು ಗುಂಡಿ, ಬದಿಯಲ್ಲಿ ಟಿಪ್ಪಣಿ, ತಪ್ಪಿಗೊಂದು ಕೆಂಪು ಗೆರೆ, ಹಳೆಯ ಪ್ರತಿಗಳೆಲ್ಲ ತಾರೀಖಿನ ಪ್ರಕಾರ ಜೋಪಾನ. ನಲವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ ಅದರ ಮುಂದೆ ಕಣ್ಣು ಕಣ್ಣು ಬಿಟ್ಟರು. ಕಂಪ್ಯೂಟರ್ ರಿಪೇರಿಯವನನ್ನು ಕರೆಸಿ ಅದನ್ನು ತೆಗೆಸಿ, ಬರಿಯ ಬಿಳಿಯ ಪುಟ ತೋರಿಸುವ ಇನ್ನೊಂದನ್ನು ಹಾಕಿಸಿದೆ.

"ಟೀಚರ್, ಇದ್ರಲ್ಲಿ ಹಳೇದೇನೂ ಉಳಿಯಲ್ಲ. ತಿದ್ದಿ ಸೇವ್ ಮಾಡಿದ್ರೆ ಮುಗೀತು, ನೋಡ್ಕೊಳ್ಳಿ," ಎಂದ.

ಕರಿಹಲಗೆಯ ಮೇಲೂ ಉಳಿಯುವುದಿಲ್ಲ, ಅದರಿಂದ ಯಾವ ಮಗುವೂ ಕೆಟ್ಟಿಲ್ಲ ಎಂದೆ. ಒಂದೇ ಫೈಲು. ಬೆಳಿಗ್ಗೆ ಅವರು ಬರೆಯುವುದು, ಊಟವಾದ ಮೇಲೆ ನಾನು ತಿದ್ದುವುದು. ಇದಕ್ಕಿಂತ ಸರಳವಾದ ಏರ್ಪಾಟು ನಿನಗೆ ಗೊತ್ತಿದ್ದರೆ ತಿಳಿಸು.

ಈಗ ನಿನಗೆ ಅವರು ಬರೆದದ್ದು ಬರೆದ ಹಾಗೆಯೇ ಬೇಕಂತೆ. ಅದು ಅಪ್ಪನ ದನಿಯಂತೆ. ಅವರು ಬರೆದದ್ದು: "ಬಸ್ಸು ಕೆಟ್ಟು ನಿಂತಿತ್ತು ಜನ ಬೈದ್ರು ನಾ ನಕ್ಕೆ." ನಾನು ಮಾಡಿದ್ದು: "ಬಸ್ಸು ಕೆಟ್ಟು ನಿಂತಾಗ ಪ್ರಯಾಣಿಕರು ನಿಂದಿಸಿದರೂ ನಾನು ನಸುನಕ್ಕೆನು." ನಾಲ್ಕು ಜನರ ಮುಂದೆ ಯಾವುದನ್ನು ಇಡುತ್ತೀಯೆ? ನೀನು ಹುಟ್ಟಿದ ದಿನದ ಪುಟವನ್ನೂ ನಾನೇ ನೇರ್ಪುಗೊಳಿಸಿದ್ದು. ಎತ್ತಿಕೊಂಡ ಕೂಡಲೇ ನಿನಗೆ ಅವರು ಇಟ್ಟ ಅಡ್ಡಹೆಸರೊಂದು ಅಲ್ಲಿತ್ತು. ಬರಹಕ್ಕೆ ಒಪ್ಪುವಂಥದಲ್ಲವೆಂದು ತೆಗೆದೆ. ಅದೇನೆಂದು ಕೇಳಬೇಡ, ನನಗೆ ನೆನಪಿಲ್ಲ.

ತಿಂಗಳಿಗೊಮ್ಮೆ ಫೋನು ಮಾಡಿ, ಹೇಗಿದ್ದಾರೆ ಎಂದು ನನ್ನನ್ನು ಕೇಳಿ ಇಟ್ಟುಬಿಡುತ್ತಿದ್ದವಳು ನೀನು. ಅವರ ಕಿವಿ ಚೆನ್ನಾಗಿಯೇ ಇತ್ತು. ಫೋನನ್ನು ಅವರ ಕಿವಿಗೆ ಹಿಡಿ ಎಂದು ಒಂದು ದಿನವೂ ಹೇಳಲಿಲ್ಲ. ಇದ್ದಾಗ ಬೇಡವಾದ ದನಿ ಈಗ ಬೇಕಾಯಿತು.

ತಿದ್ದಿದ ಪ್ರತಿಯನ್ನು ಮುದ್ರಿಸಿ ಇದರ ಜೊತೆ ಕಳಿಸಿದ್ದೇನೆ. ಮೂವತ್ತೇಳು ಪುಟಗಳಿವೆ, ಎಣಿಸಿಕೋ. ಹೊತ್ತಿಗೆ ಸರಿಯಾಗಿ ಉಣ್ಣು, ಕಣ್ಣಿಗೆ ಆಯಾಸ ಮಾಡಿಕೊಳ್ಳಬೇಡ. ನೂರು ಕಾಲ ನೆಮ್ಮದಿಯಾಗಿ ಬಾಳು.

ನಿನ್ನ ಒಳಿತನ್ನೇ ಬಯಸುವ,
ಅಮ್ಮ

ತಾ.ಕ.: ಮೂವತ್ತೆಂಟನೆಯ ಪುಟವನ್ನು ಮಾತ್ರ ಅಳಿಸಿದ್ದು ನಿಜ. ಆದರೆ ಅಪ್ಪ ಹೋದ ಮೇಲೆ ಅಲ್ಲ, ಹನ್ನೊಂದು ದಿನ ಮೊದಲು. ಅಂದು ಅವರು ಬರೆದದ್ದು ನಿನಗೆ: "ಮಾತು ಹೋಗಿದ್ದು ಒಳ್ಳೇದೇ ಆಯ್ತು ಮಗಾ, ಇನ್ನು ನಿಮ್ಮಮ್ಮ ತಿದ್ದೋಕಾಗಲ್ಲ ಅಂದ್ಕೊಂಡಿದ್ದೆ. ಇಲ್ಲಿಗೂ ಬಂದ್ಳು." ವಾಡಿಕೆಯಂತೆ ಮೊದಲ ಪದದಿಂದ ತಿದ್ದುತ್ತ ಹೋದೆ. ಅರ್ಧ ತಿದ್ದಿದ ಮೇಲೆ ಏನು ಓದುತ್ತಿದ್ದೇನೆಂದು ತಿಳಿಯಿತು. ಅಳಿಸಿದೆ. ಆಮೇಲೆ ಅವರು ಲ್ಯಾಪ್‌ಟಾಪನ್ನು ಮುಟ್ಟಲಿಲ್ಲ. ನಿನ್ನ ಅತ್ತೆಗೆ ಇದು ಗೊತ್ತಿಲ್ಲ. ಆಗ ಕೋಣೆಯಲ್ಲಿ ಇದ್ದವರು: ನಾನು, ಕಿಟಕಿಯ ಬಳಿ ಬಟ್ಟೆ ಮಡಿಸುತ್ತಿದ್ದ ನರ್ಸು, ನನ್ನ ಪಕ್ಕದ ಕುರ್ಚಿಯಲ್ಲಿ, ಪರದೆಯನ್ನೇ ನೋಡುತ್ತ, ನಿಮ್ಮಪ್ಪ.