ಈ ದಸರೆಗೆ ಓಮ್ನಿ ನಿನ್ನ ಪಾಳಿ

ಹೊಳಲ್ಕೆರೆ
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಪ್ರೀತಿಯ ರಾಜಶೇಖರ್,

ನಿನ್ನ ಖಲೀಲನ ಸಲಾಮು. ಫೋನಿರುವ ಕಾಲದಲ್ಲಿ ಇವನೇಕೆ ಕಾಗದ ಬರೆದ ಎಂದು ಹುಬ್ಬು ಗಂಟಿಕ್ಕಬೇಡ. ಫೋನು ಮಾಡಿದರೆ "ಹೂಂ, ಆಯ್ತಪ್ಪ" ಎಂದು ಇಟ್ಟುಬಿಡುತ್ತೀಯ. ಕಾಗದವನ್ನಾದರೆ ಹರಿದು ಹಾಕಬಹುದು, ಆದರೆ ಓದದೆ ಹರಿಯುವಷ್ಟು ಗಟ್ಟಿ ಮನಸ್ಸು ನಿನಗಿಲ್ಲ, ನನಗೆ ಗೊತ್ತು. ನಿನ್ನ ಮಗಳು ಬಿಂದುವಿನ ಕೈಲಿ ನೀನು ಹೇಳಿ ಕಳಿಸಿದ ಮಾತಿಗೆ ಉತ್ತರ ಕೊಡುವುದು ತಡವಾಯಿತು, ಕ್ಷಮಿಸು. ಅಂಗಡಿಯಲ್ಲಿ ಹಾಸಿಗೆ ಹೊಲಿಯುವ ಕೆಲಸ ತುಂಬಾ ಇತ್ತು ಎಂದು ಬರೆಯಬಹುದಿತ್ತು. ನಿಜ ಏನೆಂದರೆ ಸಿಟ್ಟು ಇಳಿಯಲಿ ಎಂದು ಕಾಯುತ್ತಿದ್ದೆ. ಪೂರ್ತಿ ಇಳಿದಿಲ್ಲ. ಇರಲಿ, ಅದನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಬರೆಯುತ್ತೇನೆ.

"ಓಮ್ನಿ ಮಾರಿಬಿಡು, ಅದು ನನ್ನ ಮನೆ ಮುಂದೆ ಬರಬಾರದು" ಎಂದಿದ್ದೀಯಂತೆ. ಲೇ ರಾಜು, ಅದೇನು ನಿನ್ನೊಬ್ಬನ ಗಾಡಿಯೇ? ಇಬ್ಬರೂ ಸೇರಿ ಕೊಂಡದ್ದು. ಆಗಲೇ ಅದು ಸೆಕೆಂಡ್ ಹ್ಯಾಂಡು. ನೋಡಿದವರು ನಕ್ಕರೂ ನಾವು ಮೀಸೆ ತಿರುವಿಕೊಂಡೇ ಓಡಿಸಿದೆವು. ಯುಗಾದಿ ಆದ ಮೇಲೆ ಮದುವೆ ಮನೆಗಳಿಗೆ ನನ್ನ ಹಾಸಿಗೆ ದಿಂಬು ಸಾಗಬೇಕು, ದಸರೆ ಆದ ಮೇಲೆ ನಿನ್ನ ಶೇಂಗಾ ಚೀಲ ಸಾಗಬೇಕು. ಅದಕ್ಕೇ ಯುಗಾದಿಯಿಂದ ದಸರೆಯ ತನಕ ಗಾಡಿ ಹೊಳಲ್ಕೆರೆಯಲ್ಲಿ ನನ್ನದು, ದಸರೆಯಿಂದ ಯುಗಾದಿಯ ತನಕ ಹೊಸದುರ್ಗದಲ್ಲಿ ನಿನ್ನದು. ಇಷ್ಟು ವರ್ಷ ಈ ಪಾಳಿ ತಪ್ಪಿಲ್ಲ.

ಮೊದಲ ವರ್ಷ ಆಯಿಲ್ ಬದಲಾಯಿಸುವುದು ಯಾರ ಕೆಲಸ ಎಂದು ನಾವಿಬ್ಬರೂ ನಿಮ್ಮ ಪಡಸಾಲೆಯಲ್ಲಿ ಜಗಳ ಆಡಿದ್ದು ನೆನಪಿದೆಯೇ? ನಿನ್ನ ಹೆಂಡತಿ ಸರ್ವಮಂಗಳ ಒಳಗಿನಿಂದ ಬಂದು, "ಯಾರು ಗಾಡಿ ಕೊಡ್ತೀರೋ ಅವ್ರು ಹೊಸ ಆಯಿಲ್ ಹಾಕ್ಸಿ ಕೊಡ್ರಿ. ಹಳೇ ಆಯಿಲ್‌ನಾಗೆ ಗಾಡಿ ಕೊಡಾದು ಅಂದ್ರೆ ಎಂಜಲ ತಟ್ಟೇನಾಗೆ ಊಟಕ್ಕೆ ಇಕ್ಕಿದಂಗೆ" ಎಂದಳು. ಅವತ್ತಿನಿಂದ ಅದೇ ನಮ್ಮ ಕಾನೂನು. ಕೀ ಕೈ ಬದಲಾಗುವ ಮುಂಚೆ ಆಯಿಲ್ ಬದಲಾಗಬೇಕು.

ಏಪ್ರಿಲ್‌ನಲ್ಲಿ ಅವಳು ಹೋದಳು. ಕೊನೆಯ ಸಲ ಅವಳು ಕೂತದ್ದು ಇದೇ ಗಾಡಿಯಲ್ಲಿ, ಅದನ್ನು ನೋಡಲು ನಿನಗೆ ಆಗುತ್ತಿಲ್ಲ ಎಂದು ನಾನು ಸುಮ್ಮನಿದ್ದೆ. ಆದರೆ ದಸರೆ ಹತ್ತಿರ ಬಂತಲ್ಲ! ನನ್ನ ಪಾಲಿನ ಕಾನೂನು ನಾನು ಮುರಿಯಲಾರೆ. ಮೊನ್ನೆ ಗುರುವಾರ ಗಾಡಿ ತೆಗೆದುಕೊಂಡು ಹಾಲೇಶನ ಗ್ಯಾರೇಜಿಗೆ ಹೋದೆ. ಜೊತೆಗೆ ಮಗ ಇಮ್ರಾನನೂ ಬಂದ. ಅವನದು ಯಾವಾಗಲೂ ಅಡ್ಡ ಬಾಯಿ.

"ಈ ಸಲ ಗಾಡಿ ಎಲ್ಲಿ ಓಡೈತೆ ಅಬ್ಬಾ? ಬರೀ ನಿಂತಿದ್ದೇ ಬಂತು. ಮ್ಯಾಲೆ ಒಂದೀಟು ಸುರದ್ರೆ ಸಾಕು" ಎಂದ.

ಹಾಲೇಶ ಮುಂದಿನ ಸೀಟು ಎತ್ತಿದ. ಓಮ್ನಿಗೆ ಮೂತಿಯೇ ಇಲ್ಲ, ಇಂಜಿನ್ ಇರುವುದು ಮುಂದಿನ ಸೀಟುಗಳ ಕೆಳಗೆ. ಆಯಿಲ್ ಅಳೆಯುವ ಕಡ್ಡಿ ಹೊರಗೆಳೆದು ಬೆರಳಿಗೆ ಸವರಿಕೊಂಡು ಮೂಸಿದ. "ಓಡ್ಲಿ ಬಿಡ್ಲಿ, ಹಳೇ ಗಾಡಿಗೆ ಆರು ತಿಂಗಳಿಗೊಂದ್ಸಲ ತಗೀಲೇಬೇಕಪ್ಪ. ನಿಂತಲ್ಲೇ ನಿಂತ್ರೂ ಆಯಿಲ್‌ಗೆ ವಯಸ್ಸಾಗ್ತೈತೆ. ನಿಮ್ಮಪ್ಪ ಕುಂತಲ್ಲೇ ಕುಂತ್ರೂ ಮುದುಕ ಆಗ್ಲಿಲ್ವಾ?" ಎಂದ. ಇಮ್ರಾನ್ ಕಿಸಕ್ಕನೆ ನಕ್ಕ. ನಾನು ಹಾಲೇಶನ ಮುಖ ನೋಡದೆ ಚಹಾ ತರಿಸಿದೆ.

ಹಳೇ ಆಯಿಲ್ ಇಳಿಯುತ್ತಿರುವಾಗಲೇ ಪಕ್ಕದ ಓಣಿಯ ಬರಗೇರಮ್ಮ ಡಬ್ಬ ಹಿಡಿದುಕೊಂಡು ಹಾಜರ್. ಬೇಲಿ ಗೂಟಕ್ಕೆ ಬಳಿದರೆ ಗೆದ್ದಲು ಹತ್ತುವುದಿಲ್ಲವಂತೆ. ಬಸಿದದ್ದನ್ನೆಲ್ಲ ಹಾಕಿಸಿಕೊಂಡು, "ಹೊಸದುರ್ಗದ ಸಾವ್ಕಾರ್ರು ಬರಾಕಿಲ್ವಾ ಈ ಸಲ?" ಎಂದು ಕೇಳಿದಳು. ಬರುತ್ತಾನೆ ಎಂದೆ. ನೀನು ಬರದಿದ್ದರೆ ನಾನು ಅವಳಿಗೆ ಮುಖ ತೋರಿಸುವುದು ಹೇಗೆ?

ಇನ್ನೊಂದು ಕೇಳು. ನಿನ್ನ ಮಾತು ಹೇಗೋ ಹೊರಗೆ ಬಿದ್ದು, ತುರುವನೂರಿನ ಗುರುರಾಜ್ ಎಂಬಾತ ಓಮ್ನಿ ನೋಡಲು ಅಂಗಡಿಗೇ ಬಂದಿದ್ದ. ಸೀಟು ಎತ್ತಿ, ಕಡ್ಡಿ ಎಳೆದು, "ಇಷ್ಟು ಹಳೇ ಗಾಡಿ ಇಂಥ ಕಂಡೀಷನ್ನಾಗೆ ನಾ ನೋಡೇ ಇಲ್ಲ ಬಿಡ್ರಿ, ಈಗ್ಲೇ ಹೊಡ್ಕಂಡು ಹೋಗ್ತೀನಿ" ಎಂದ. ಅವನು ಅಷ್ಟು ಹೊಗಳಿದ್ದೇ ತಪ್ಪಾಯಿತು. ಮಾರುವುದಕ್ಕಿಲ್ಲ ಎಂದುಬಿಟ್ಟೆ. ಮತ್ತೆ ಯಾಕೆ ಬರಹೇಳಿದಿರಿ ಎಂದು ಆತ ಎಗರಾಡಿದ. ನಾನು ಕರೆದೇ ಇರಲಿಲ್ಲ! ಕೊನೆಗೆ ನನ್ನ ಹೆಂಡತಿ ಖಾತುನ್ ಬೀ ಅವನಿಗೊಂದು ದಿಂಬು ಮಾರಿ ಸಮಾಧಾನ ಮಾಡಿ ಕಳಿಸಿದಳು.

ಬಿಂದು ಬಂದ ದಿನ ಇಡೀ ಮಧ್ಯಾಹ್ನ ನಮ್ಮಲ್ಲೇ ಇದ್ದಳು. ಗಾಡಿ ಕಲಿಸಿ ಚಿಕ್ಕಪ್ಪ ಎಂದು ಗಂಟುಬಿದ್ದಳು. ಹೊರಕೆರೆದೇವಪುರದ ರಸ್ತೆಯಲ್ಲಿ ಅವಳ ಕೈಗೆ ಸ್ಟೇರಿಂಗ್ ಕೊಟ್ಟೆ. ಕ್ಲಚ್ಚು ಬಿಡುವಾಗ ಮೇಕೆಮರಿಯ ಹಾಗೆ ನೆಗೆಸಿದಳು, ಆದರೆ ಧೈರ್ಯ ಅಮ್ಮನದೇ. ವಾಪಸು ಬರುವಾಗ ಗೇರು ಸರಿಯಾಗಿ ಬೀಳತೊಡಗಿತ್ತು. "ದಸರೆಗೆ ಗಾಡಿ ಹೊಸದುರ್ಗಕ್ಕೆ ಬಂದ್ರೆ ಅಪ್ಪನ್ನ ಕೂರಿಸ್ಕಂಡು ಶೇಂಗಾ ಮಂಡಿಗೆ ನಾನೇ ಹೋಗ್ತೀನಿ" ಎಂದಳು. ಸರ್ವಮಂಗಳ ಹೋದ ಮೇಲೆ ನೀನು ಮೊದಲ ಸಲ ಮಂಡಿಗೆ ಹೋಗಿ ಕೂತೆಯಂತೆ, ಗಡ್ಡವನ್ನೂ ತೆಗೆಸಿದೆಯಂತೆ. ಅದನ್ನು ಹೇಳುವಾಗ ಆ ಹುಡುಗಿಯ ಮುಖ ನೀನು ನೋಡಬೇಕಿತ್ತು. ಖಾತುನ್ ಬೀ ಕೇಳಿ ಕಣ್ಣು ಒರೆಸಿಕೊಂಡಳು. "ರಾಜಣ್ಣ ಬರ್ಲಿಲ್ಲ ಅಂದ್ರೆ ನಾನೇ ಹೊಸದುರ್ಗಕ್ಕೆ ಹೋಗಿ ಅವ್ರ ಪಡಸಾಲೇಲಿ ಕುಂತ್ಕಂತೀನಿ, ಏಳಾಕಿಲ್ಲ" ಎಂದಿದ್ದಾಳೆ. ಅವಳು ಕೂತರೆ ಏಳುವವಳಲ್ಲ, ಯೋಚನೆ ಮಾಡು.

ಗಾಡಿ ತೊಳೆಸಿದ್ದೇನೆ. ಆಯುಧಪೂಜೆಗೆ ಮುಂಚೆ ಬೆಳಗಿನ ಬಸ್ಸು ಹತ್ತಿ ಬಾ. ಊಟ ಮಾಡಿಕೊಂಡು ಗಾಡಿಯಲ್ಲಿ ಹೊರಟರಾಯಿತು. ಪೂಜೆ ನಿನ್ನ ಮನೆ ಮುಂದೆಯೇ ಆಗಲಿ. ನಾನೂ ಬಂದು ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇನೆ. ಮಾರುವ ಮಾತು ಇನ್ನೊಂದು ಸಲ ಆಡಬೇಡ.

ನಿನ್ನ ಮಠದ ಗುರುಗಳ ಆಶೀರ್ವಾದವೂ ನನ್ನ ಅಲ್ಲಾಹನ ದಯೆಯೂ ನಿನ್ನ ಮನೆಯ ಮೇಲಿರಲಿ. ಬಿಂದುವಿಗೆ ಒಳ್ಳೆಯದಾಗಲಿ. ಹೊತ್ತು ಹೊತ್ತಿಗೆ ಊಟ ಮಾಡು.

ನಿನ್ನವನೇ,
ಖಲೀಲುಲ್ಲಾ

ಮತ್ತೊಂದು ಮಾತು. ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ.

ನೀನು ಗಾಡಿ ಬೇಡವೆನ್ನುವುದು ಯಾಕೆಂದು ಬಿಂದು ಅವತ್ತು ಅಳುತ್ತಾ ಹೇಳಿದಳು. ಈ ಯುಗಾದಿಗೆ ನೀನು ಅವಸರದಲ್ಲಿ ಆಯಿಲ್ ಬದಲಾಯಿಸದೆ, ಮೇಲಿಷ್ಟು ಸುರಿದು ನನಗೆ ಗಾಡಿ ಕೊಟ್ಟೆಯಂತೆ. ಅದಾದ ಮೇಲೆ ಸರ್ವಮಂಗಳ ಹೊರಕೆರೆದೇವಪುರದಲ್ಲಿ ಪೂಜೆ ಮುಗಿಸಿ ನಮ್ಮ ಮನೆಗೆ ಬಂದಾಗ ಎದೆ ನೋವು ಬಂತು. ನೀನು ಧರ್ಮಪುರದ ಕಡೆ ಶೇಂಗಾ ನೋಡಲು ಹೋಗಿದ್ದೆ. ನಾನು, ಖಾತುನ್ ಬೀ ಅವಳನ್ನು ಚಿತ್ರದುರ್ಗದ ಆಸ್ಪತ್ರೆಗೆ ಕರೆದುಕೊಂಡು ಹೊರಟೆವು. ನಿನ್ನ ಮಂಡಿಯ ಓಬಳೇಶ್ ಎದುರಿನ ಬಸ್ಸಿನಲ್ಲಿದ್ದವನು, ಓಮ್ನಿ ದಾರಿಯಲ್ಲಿ ನಿಂತಿದ್ದನ್ನೂ ನಾನು ಮುಂದಿನ ಬಾಗಿಲು ತೆಗೆದು ಸೀಟಿನ ಮೇಲೆ ಬಗ್ಗಿದ್ದನ್ನೂ ನೋಡಿದನಂತೆ. ಇಂಜಿನ್ ಕೆಟ್ಟು ನಿಂತಿತ್ತು ಎಂದು ನಿನಗೆ ಹೇಳಿದನಂತೆ. "ಆಯಿಲ್ ಹಾಕಿಸದೆ ನನ್ನ ಹೆಂಡತಿಯನ್ನು ನಾನೇ ಕೊಂದೆ" ಎಂದು ನೀನು ಮಗಳ ಮುಂದೆ ಅತ್ತೆಯಂತೆ. ಇಷ್ಟು ತಿಂಗಳು ಇದನ್ನು ನುಂಗಿಕೊಂಡು ಕೂತಿದ್ದೀಯಲ್ಲ, ನನ್ನನ್ನು ಒಂದು ಮಾತು ಕೇಳಬಾರದಿತ್ತೇ? ನನ್ನ ಸಿಟ್ಟೆಲ್ಲ ಅದಕ್ಕೇ.

ಕೇಳು ರಾಜು. ಗಾಡಿ ಕೆಟ್ಟು ನಿಲ್ಲಲಿಲ್ಲ. ನಾನೇ ನಿಲ್ಲಿಸಿದೆ. ಹಿಂದೆ ಖಾತುನ್ ಬೀ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ ಸರ್ವಮಂಗಳ ಆಗಲೇ ಹೋಗಿಬಿಟ್ಟಿದ್ದಳು. ನಾವು ಎಷ್ಟು ಬೇಗ ಹೋಗಿದ್ದರೂ ಅಷ್ಟೇ ಎಂದು ಆಮೇಲೆ ಡಾಕ್ಟರೂ ಹೇಳಿದರು. ಖಾತುನ್ ಬೀ, "ನಿಲ್ಲಿಸ್ರಿ, ಬೆವರಿಗೆ ಅಕ್ಕನ ಕುಂಕುಮ ಅಳಿಸೈತೆ. ಹಿಂಗೆ ಬೇರೆಯವ್ರ ಮುಂದೆ ಕರ್ಕಂಡು ಹೋಗಾದು ಬ್ಯಾಡ" ಎಂದಳು. ಸರ್ವಮಂಗಳಳ ಚೀಲ ಮುಂದಿನ ಸೀಟಿನ ಮೇಲಿತ್ತು. ದೇವಪುರದಿಂದ ತಂದಿದ್ದ ಕುಂಕುಮದ ಪೊಟ್ಟಣವನ್ನು ನಾನು ಬಗ್ಗಿ ಹುಡುಕುತ್ತಿದ್ದೆ. ಓಬಳೇಶ್ ನೋಡಿದ್ದು ಅದನ್ನು. ಖಾತುನ್ ಬೀ ಅವಳ ಹಣೆಗೆ ಕುಂಕುಮ ಇಟ್ಟು, ಸೆರಗು ಸರಿಮಾಡಿ, ಕಣ್ಣು ಮುಚ್ಚಿಸಿದಳು. ನಾನು ರಸ್ತೆಯ ಕಡೆ ತಿರುಗಿ ನಿಂತಿದ್ದೆ.

ಆಮೇಲೆ ಹತ್ತಿ ಕೀ ತಿರುಗಿಸಿದೆ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ನೀನು ಬದಲಾಯಿಸದೆ ಬಿಟ್ಟ ಅದೇ ಹಳೇ ಆಯಿಲ್‌ನಲ್ಲಿ, ರಾಜು, ಅದು ನಮ್ಮ ಮೂವರನ್ನೂ ದುರ್ಗದ ತನಕ ಎಲ್ಲೂ ನಿಲ್ಲದೆ ಕರೆದುಕೊಂಡು ಹೋಯಿತು.